ಮಾಟದ ಬಾಲಬೋಧೆ

ಅಕ್ಷರ ಕಲಿಯುವವರಿಗೆ ಕನ್ನಡದಲ್ಲಿ ಬಾಲಬೋಧೆ ಇತ್ತು, ಉರ್ದುವಿನಲ್ಲಿ ಕಾಯಿದಾ ಇದೆ. ಹಾರ್ಮೋನಿಯಂ ಕಲಿಯುವವರಿಗೆ, ಹೊಲಿಗೆ ಕಲಿಯುವವರಿಗೆ ಕೂಡ ಇಂಥ ಮೊದಲ ಪುಸ್ತಕಗಳಿವೆ. ಮಾಟ ಕಲಿಯುವವರಿಗೂ ಇವೆ. ಕೊಟ್ಟೂರಿನ ತೇರಿಗೋ ಮೈಲಾರದ ಜಾತ್ರೆಗೋ ಹೋದವರು ನೆಲದ ಮೇಲೆ ಹಾಸಿ ಮಾರುವ ಪುಸ್ತಕಗಳ ಸಾಲನ್ನು ನೋಡಿರುತ್ತಾರೆ. ಪಂಚಾಂಗ, ಬಯಲಾಟದ ಹಾಡು, ಅಡುಗೆ, ಕನಸಿನ ಫಲ ಇವುಗಳ ನಡುವೆ ಇಂದ್ರಜಾಲದ, ವಶೀಕರಣ ತಂತ್ರದ ಪುಸ್ತಕಗಳೂ ಇಣುಕುತ್ತವೆ. ನಮ್ಮ ಸಾಹಿತ್ಯ ವಿಮರ್ಶೆ ಇವನ್ನು ಪುಸ್ತಕಗಳೆಂದೇ ಗಣಿಸುವುದಿಲ್ಲ. ವಿಚಾರವಾದಿಗಳು ಮೌಢ್ಯವೆಂದು ಬದಿಗಿಡುತ್ತಾರೆ, ಮೌಲ್ವಿಗಳು ಶಿರ್ಕ್ ಎಂದು ಬದಿಗಿಡುತ್ತಾರೆ. ಬದಿಗಿಟ್ಟ ಪುಸ್ತಕ ಮಾತ್ರ ಓದಿಸಿಕೊಳ್ಳುತ್ತಲೇ ಇರುತ್ತದೆ.

ಈಗ ಈ ಸಾಲಿಗೆ ಹೊಸದೊಂದು ಬಗೆ ಬಂದು ಸೇರಿದೆ. ಬೆಂಗಳೂರಿನ ಇಂಗ್ಲಿಷ್ ಪುಸ್ತಕದಂಗಡಿಗಳಲ್ಲಿ, ಮೊಬೈಲ್ ಪರದೆಯ ಮೇಲೆ, ಆಧುನಿಕ ಮಾಟಗಾತಿಯಾಗುವುದು ಹೇಗೆಂದು ಹೊಸಬರಿಗೆ ಕಲಿಸುವ ಪುಸ್ತಕಗಳಿವೆ. ಹುಣ್ಣಿಮೆಯ ರಾತ್ರಿ ಹಚ್ಚುವ ಮೇಣದಬತ್ತಿ, ಬಣ್ಣದ ಕಲ್ಲುಗಳು, ಭವಿಷ್ಯ ನೋಡುವ ಟ್ಯಾರೋ ಎಲೆಗಳು, ಒಣಗಿಸಿದ ಸೊಪ್ಪು, ವರ್ಷಕ್ಕೆ ಎಂಟು ಋತುಹಬ್ಬ. ಈ ಮಾರ್ಗಕ್ಕೆ ವಿಕ್ಕಾ ಎಂದು ಹೆಸರು. ಇದನ್ನೂ ಇಂಥವೇ ಕೆಲವು ಮಾರ್ಗಗಳನ್ನೂ ಒಟ್ಟಾಗಿ ಪೇಗನ್ ಎನ್ನುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಓದುಗರಿಗೆ ಇದನ್ನು ಕೇಳಿ ನಗು ಬರಬಹುದು. ನಮ್ಮಲ್ಲಿ ಯಾವ ಹೆಣ್ಣೂ ತನ್ನನ್ನು ತಾನು ಮಾಟಗಾತಿ ಎಂದು ಕರೆದುಕೊಳ್ಳುವುದಿಲ್ಲ. ಅದು ಬೇರೆಯವರು ಹೊರಿಸುವ ಹೆಸರು. ಒಂದು ಕಡೆ ದುಡ್ಡು ಕೊಟ್ಟು ಕೊಳ್ಳುವ ಹೆಸರು ಇನ್ನೊಂದು ಕಡೆ ಹೊಡೆತ ತಿನ್ನಿಸುವ ಹೆಸರಾಗಿದೆಯಲ್ಲ, ಇದು ಹೇಗೆ? ಇಂಗ್ಲಿಷಿನ, ಉರ್ದುವಿನ, ಕನ್ನಡದ ಮಾಟದ ಬಾಲಬೋಧೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಇದಕ್ಕೆ ಉತ್ತರದ ಒಂದು ಎಳೆ ಸಿಗುತ್ತದೆ.

ಮಾಡುವವರು, ಮಾಡಿಸುವವರು

ಮೊದಲು ಪದಗಳನ್ನು ನೋಡೋಣ. ಕನ್ನಡದ 'ಮಾಟ' ಹುಟ್ಟಿದ್ದು 'ಮಾಡು' ಧಾತುವಿನಿಂದ. ಅಂದವಾಗಿ ಮಾಡಿದ್ದೂ ಮಾಟವೇ. ಮಾಟವಾದ ಮೂಗು ಎಂದು ಇಂದಿಗೂ ಹೇಳುತ್ತೇವೆ. ಉರ್ದುವಿನಲ್ಲಿ ತಾಯಿತ ಮಂತ್ರಗಳ ವಿದ್ಯೆಗೆ ಅಮಲಿಯಾತ್ ಎನ್ನುತ್ತಾರೆ, ಅದನ್ನು ಬಲ್ಲವನು ಆಮಿಲ್. 'ಅಮಲ್' ಎಂದರೆ ಕೂಡ ಮಾಡುವುದು, ಕ್ರಿಯೆ. ಹಳೆಯ ಮೈಸೂರಿನಲ್ಲಿ ಕಂದಾಯ ನೋಡಿಕೊಳ್ಳುತ್ತಿದ್ದ ಅಮಲ್ದಾರನೂ, ಕಾಯ್ದೆ ಅಮಲಿಗೆ ಬಂತು ಎನ್ನುವಾಗಿನ ಅಮಲೂ ಇದೇ ಮೂಲದವು. ಇಂಗ್ಲಿಷಿನ ಹೊಸ ಮಾಟಗಾತಿಯರು ತಮ್ಮ ಮಾರ್ಗವನ್ನು ಕ್ರಾಫ್ಟ್ ಎನ್ನುತ್ತಾರೆ, ಅಂದರೆ ಕೈಕೆಲಸ. ಮೂರು ಭಾಷೆಗಳೂ ಈ ವಿದ್ಯೆಯನ್ನು 'ಮಾಡುವುದು' ಎಂದೇ ಕರೆದಿವೆ.

ಕ್ರಿಯಾಪದವಿದ್ದ ಮೇಲೆ ಕರ್ತೃ ಬೇಕು, ಕರ್ಮ ಬೇಕು. ಮಾಡುವವರು ಯಾರು, ಯಾರ ಮೇಲೆ ಮಾಡುತ್ತಾರೆ? ನಮ್ಮ ಸೀಮೆಯ ಮಾತಿನಲ್ಲಿ ಇದಕ್ಕೊಂದು ವಿಚಿತ್ರ ವ್ಯಾಕರಣವಿದೆ. ಎಮ್ಮೆ ಹಾಲು ಕಡಿಮೆಯಾದರೆ, ಕೂಸು ರಾತ್ರಿಯೆಲ್ಲ ಚೀರಿದರೆ, ಬೋರ್‌ವೆಲ್ ಬತ್ತಿದರೆ, ಮಗಳ ಮದುವೆ ಮುರಿದುಬಿದ್ದರೆ ಜನ 'ಯಾರೋ ಮಾಡಿಸ್ಯಾರ' ಎನ್ನುತ್ತಾರೆ. ಕ್ರಿಯಾಪದ ಪ್ರೇರಣಾರ್ಥಕದಲ್ಲಿದೆ: ಮಾಡಿಸಿದವರು ಒಬ್ಬರು, ಮಾಡಿದವರು ಇನ್ನೊಬ್ಬರು, ಅನುಭವಿಸುವವರು ಮತ್ತೊಬ್ಬರು. ಕರ್ತೃವಿನ ಜಾಗದಲ್ಲಿ ಮಾತ್ರ ಹೆಸರಿಲ್ಲ, 'ಯಾರೋ' ಎಂಬ ಖಾಲಿ ಜಾಗವಿದೆ. ಈ ಖಾಲಿ ಜಾಗ ಖಾಲಿಯಾಗಿಯೇ ಇರುವತನಕ ದೊಡ್ಡ ಅಪಾಯವಿಲ್ಲ. ಅದು ದುಃಖವನ್ನು ಹೇಳಿಕೊಳ್ಳುವ ಒಂದು ಬಗೆ. 'ಯಾರೋ' ಎಂಬಲ್ಲಿ ಒಂದು ಹೆಸರು ಬಂದು ಕೂತ ದಿನ ಊರು ಕೆಡುತ್ತದೆ. ಹಾಗೆ ಬಂದು ಕೂರುವ ಹೆಸರು ಊರಗೌಡನದ್ದಾಗಿರುವುದು ಅಪರೂಪ. ಗಂಡ ಸತ್ತವಳು, ಮಕ್ಕಳಿಲ್ಲದವಳು, ಸವತಿ, ನಾದಿನಿ, ಕೇರಿಯ ಮುದುಕಿ, ಇಲ್ಲವೇ ಮಸೀದಿ ಪಕ್ಕದ ಫಕೀರ.

ಊರಿನೊಳಗೆ ಹೆಸರು ಸಿಗದಿದ್ದರೆ ಹೊರಗೆ ಹುಡುಕುತ್ತಾರೆ. ಮಾಟ ಯಾವಾಗಲೂ ಬೇರೆ ಊರಿನದು. ಮೈಸೂರು ಕಡೆಯವರಿಗೆ ಅದು ಕೊಳ್ಳೇಗಾಲದಿಂದ ಬರುತ್ತದೆ, ಮಂಗಳೂರು ಕಡೆಯವರಿಗೆ ಕೇರಳದಿಂದ, ಗೋಡೆಗೆ ಅಂಟಿಸಿದ ಜಾಹೀರಾತುಗಳ ಪ್ರಕಾರ ಬಂಗಾಳದಿಂದ. ಬಸ್ ನಿಲ್ದಾಣಗಳ ಗೋಡೆಯ ಮೇಲಿನ 'ಬಂಗಾಲಿ ಬಾಬಾ' ಬಂಗಾಳ ಕಂಡವನೇ ಆಗಿರಬೇಕೆಂದಿಲ್ಲ. ದೂರದ ಊರು, ಬೇರೆ ಧರ್ಮದ ಹೆಸರು ಎರಡೂ ಸೇರಿದರೆ ವ್ಯಾಪಾರಕ್ಕೆ ಬೇಕಾದ ಭಯ ತಾನಾಗಿ ಹುಟ್ಟುತ್ತದೆ.

ಇಂಗ್ಲಿಷ್ ಕಪಾಟು

ಯುರೋಪಿನಲ್ಲೂ ಕತೆ ಹೀಗೆಯೇ ಶುರುವಾಗಿತ್ತು. 1480ರ ದಶಕದಲ್ಲಿ ಹೈನ್ರಿಶ್ ಕ್ರಾಮರ್ ಎಂಬ ಪಾದ್ರಿ ಲ್ಯಾಟಿನ್ನಿನಲ್ಲಿ ಮಾಟಗಾತಿಯರ ಬಗ್ಗೆ ಒಂದು ಕೈಪಿಡಿ ಬರೆದ. ಮಾಟ ಕಲಿಯುವವರಿಗೆ ಬರೆದದ್ದಲ್ಲ ಅದು. ಮಾಟಗಾತಿಯನ್ನು ಗುರುತಿಸಿ, ವಿಚಾರಣೆ ನಡೆಸಿ, ಶಿಕ್ಷೆ ಕೊಡುವುದು ಹೇಗೆಂದು ಅಧಿಕಾರಿಗಳಿಗೆ ಕಲಿಸುವ ಪುಸ್ತಕ. ಮುಂದಿನ ಎರಡು ಮೂರು ಶತಮಾನಗಳಲ್ಲಿ ಯುರೋಪಿನಲ್ಲಿ ಈ ಆರೋಪದ ಮೇಲೆ ಕೊಲ್ಲಿಸಿಕೊಂಡವರು ಸುಮಾರು 40ರಿಂದ 50 ಸಾವಿರ ಎಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಬಹುಪಾಲು ಹೆಂಗಸರು. 'ಯಾರೋ' ಎಂಬ ಜಾಗವನ್ನು ನ್ಯಾಯಾಲಯಗಳೇ ತುಂಬಿದ ಕಾಲ ಅದು.

ಇಂಗ್ಲೆಂಡಿನಲ್ಲಿ 1735ರ ಮಾಟ ಕಾಯ್ದೆ ರದ್ದಾದದ್ದು 1951ರಲ್ಲಿ. ಮೂರು ವರ್ಷಗಳ ನಂತರ, 1954ರಲ್ಲಿ, ಜೆರಾಲ್ಡ್ ಗಾರ್ಡ್ನರ್ ಎಂಬ ನಿವೃತ್ತ ಅಧಿಕಾರಿ 'ವಿಚ್‌ಕ್ರಾಫ್ಟ್ ಟುಡೇ' ಎಂಬ ಪುಸ್ತಕ ತಂದು, ಕ್ರೈಸ್ತಧರ್ಮಕ್ಕೂ ಮುಂಚಿನ ಹಳೆಯ ಧರ್ಮವೊಂದು ಗುಟ್ಟಾಗಿ ಉಳಿದುಬಂದಿದೆ ಎಂದು ಸಾರಿದ. 1921ರಲ್ಲಿ ಮಾರ್ಗರೆಟ್ ಮರ್ರೆ ಮಂಡಿಸಿದ್ದ ವಾದ ಅದಕ್ಕೆ ಆಧಾರವಾಗಿತ್ತು. ಮರ್ರೆಯ ವಾದವನ್ನು ಇತಿಹಾಸಕಾರರು ಕೈಬಿಟ್ಟಿದ್ದಾರೆ. ರೊನಾಲ್ಡ್ ಹಟ್ಟನ್ 1999ರ ತಮ್ಮ ಗ್ರಂಥದಲ್ಲಿ, ಈ ಹಳೆಯ ಧರ್ಮ ಬಹುಮಟ್ಟಿಗೆ ಇಪ್ಪತ್ತನೇ ಶತಮಾನದ ಬ್ರಿಟನ್ನಿನಲ್ಲೇ ರೂಪುಗೊಂಡದ್ದು ಎಂದು ವಿವರವಾಗಿ ತೋರಿಸಿದರು. ಹೊಸದಾಗಿ ಹುಟ್ಟಿದ್ದೆಂಬ ಕಾರಣಕ್ಕೆ ಒಂದು ಧರ್ಮ ಸುಳ್ಳಾಗಬೇಕಿಲ್ಲ. ಪ್ರಾಚೀನತೆಯ ಸುಳ್ಳು ವಂಶಾವಳಿ ಬರೆಸಿಕೊಳ್ಳುವ ಚಟ ನಮ್ಮ ಜಾತಿ ಮಠಗಳಿಗೂ, ಅರಬ್ ಮೂಲ ಹುಡುಕುವ ನಮ್ಮ ಖಾನ್‌ದಾನುಗಳಿಗೂ ಇದೆ.

ಮುಂದೆ ಅಮೆರಿಕದಲ್ಲಿ 1979ರಲ್ಲಿ ಸ್ಟಾರ್‌ಹಾಕ್ ಎಂಬ ಲೇಖಕಿಯ 'ದಿ ಸ್ಪೈರಲ್ ಡ್ಯಾನ್ಸ್' ಈ ಮಾರ್ಗವನ್ನು ಮಹಿಳಾ ಚಳವಳಿಯ ಜೊತೆಗೆ ಕಟ್ಟಿತು. 1988ರಲ್ಲಿ ಸ್ಕಾಟ್ ಕನಿಂಗ್‌ಹ್ಯಾಮ್, ಗುರುವಿಲ್ಲದೆ ಗುಂಪಿಲ್ಲದೆ ಒಬ್ಬಂಟಿಯಾಗಿ ಕಲಿಯುವವರಿಗೆಂದೇ ಒಂದು ಕೈಪಿಡಿ ಬರೆದ. ಇಂದಿನ 'ಹೊಸಬರಿಗಾಗಿ' ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಅದರ ಮಕ್ಕಳು. ಭಾರತದಲ್ಲಿ ಇಪ್ಸಿತಾ ರಾಯ್ ಚಕ್ರವರ್ತಿ ತಾನು ಮಾಟಗಾತಿ ಎಂದು ಬಹಿರಂಗವಾಗಿ ಹೇಳಿಕೊಂಡರು, ತಮ್ಮ ಆತ್ಮಕಥೆಗೆ 'ಬಿಲವೆಡ್ ವಿಚ್' ಎಂದೇ ಹೆಸರಿಟ್ಟರು.

ವಿಮರ್ಶಕನಾಗಿ ಈ ಪುಸ್ತಕಗಳಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಿಸಬೇಕು. ಇವುಗಳಲ್ಲಿ ಹೆಣ್ಣು ಕರ್ತೃ. ಬೈಗುಳವಾಗಿದ್ದ ಪದವನ್ನು ಅವಳು ಎತ್ತಿಕೊಂಡು ತಾನೇ ಮುಡಿದಿದ್ದಾಳೆ. ಯಾರಿಗೂ ಕೇಡು ಮಾಡಬಾರದು ಎಂಬ ನಿಯಮವನ್ನು ಈ ಮಾರ್ಗದ ಬಹುಪಾಲು ಪುಸ್ತಕಗಳು ಮೊದಲ ಪಾಠಗಳಲ್ಲೇ ಹೇಳುತ್ತವೆ. ಇದು ಸಣ್ಣ ಸಂಗತಿಯಲ್ಲ. ಇವುಗಳ ಮಿತಿ ಬೇರೆ ಕಡೆಯಿದೆ. ಇಲ್ಲಿ ಇರುವುದು ಒಬ್ಬಳೇ: ಮಾಡುವವಳೂ ಅವಳೇ, ಯಾರಿಗಾಗಿ ಮಾಡುತ್ತಾಳೋ ಅವಳೂ ಅವಳೇ. ನೋವು ಹೊತ್ತು ಬಾಗಿಲಿಗೆ ಬರುವ ಇನ್ನೊಬ್ಬರಿಗೆ ಈ ಪುಸ್ತಕಗಳಲ್ಲಿ ಜಾಗ ಬಲು ಕಡಿಮೆ. ಇನ್ನೊಂದು ಮಾತು. ಲ್ಯಾಟಿನ್ನಿನಲ್ಲಿ ಪೇಗನ್ ಎಂಬ ಪದದ ಮೂಲಾರ್ಥ ಹಳ್ಳಿಗ ಎಂದು. ಉರ್ದುವಿನ ಗಂವಾರ್, ಕನ್ನಡದ ಗಮಾರ ಇದ್ದಂತೆ. ಹಳ್ಳಿಗನ ಹೆಸರು ಹೊತ್ತ ಈ ಮಾರ್ಗದ ಪುಸ್ತಕಗಳು ಪಟ್ಟಣದ ಓದು ಬಲ್ಲವರನ್ನು ಉದ್ದೇಶಿಸಿಯೇ ಬಂದಿವೆ. ಬೇಸರವಾದ ದಿನ ಆ ಓದುಗರು ಮಾಟಗಾತಿ ಎಂಬ ಪದವನ್ನು ಕೆಳಗಿಡಬಹುದು. ನಮ್ಮೂರ ಮುದುಕಿಗೆ ಆ ಸ್ವಾತಂತ್ರ್ಯವಿಲ್ಲ.

ಉರ್ದು ಕಪಾಟು

ಉರ್ದು ಓದು ಬಲ್ಲ ದಖನಿ ಮುಸ್ಲಿಮರಿಗೆ 'ನಕ್ಷೆ ಸುಲೈಮಾನಿ' ಎಂಬ ಹೆಸರು ಹೊಸದಲ್ಲ. ಚೌಕ ಮನೆಗಳಲ್ಲಿ ಅಂಕಿ ತುಂಬಿದ ನಕ್ಷೆಗಳು, ಅವನ್ನು ಬರೆಯುವ ವಾರ, ಗಳಿಗೆ, ಧೂಪ ಇವೆಲ್ಲ ವಿವರಿಸಿರುವ ಪುಸ್ತಕ. ಇದರ ಹೆಸರಿನಲ್ಲೇ ಒಂದು ವಿಪರ್ಯಾಸವಿದೆ. ಪವಿತ್ರ ಕುರ್‌ಆನಿನ ಅಲ್‌ಬಕರಾ ಅಧ್ಯಾಯದ 102ನೆಯ ಸೂಕ್ತ, ಪ್ರವಾದಿ ಸುಲೈಮಾನರಿಗೂ ಮಾಟಕ್ಕೂ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸುತ್ತದೆ. ಹಾರೂತ್ ಮಾರೂತರು ಯಾರಿಗೇ ಕಲಿಸುವ ಮೊದಲೂ, ಇದು ಪರೀಕ್ಷೆ, ದಾರಿ ತಪ್ಪಬೇಡ ಎಂದು ಎಚ್ಚರಿಸುತ್ತಿದ್ದರೆಂದೂ, ಜನ ಅವರಿಂದ ಗಂಡಹೆಂಡಿರನ್ನು ಅಗಲಿಸುವ ವಿದ್ಯೆ ಕಲಿತರೆಂದೂ ಅಲ್ಲಿದೆ. ಸುಲೈಮಾನರ ಹೆಸರಿನಲ್ಲೇ ಅಮಲಿಯಾತಿನ ಪುಸ್ತಕ ಮಾರಾಟವಾಗುತ್ತದೆ, ಅಮಲಿಯಾತಿನಲ್ಲಿ ಹುಬ್ ಎಂಬ ಒಲಿಸುವ ಭಾಗದ ಪಕ್ಕದಲ್ಲೇ ಬುಗ್ಜ್ ಎಂಬ ಅಗಲಿಸುವ ಭಾಗವೂ ಇರುತ್ತದೆ. ಹಾರೂತ್ ಮಾರೂತರ ಎಚ್ಚರಿಕೆ ಬಿಟ್ಟುಹೋಗಿ ವಿದ್ಯೆ ಮಾತ್ರ ಅಚ್ಚಾಗಿದೆ.

ಈ ಕಪಾಟನ್ನು ಕಸವೆಂದು ಒಟ್ಟಿಗೆ ಎಸೆಯಲೂ ಆಗದು. ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ಒಂಬತ್ತು ಮನೆಗಳಲ್ಲಿ ತುಂಬಿ, ಅಡ್ಡ ಉದ್ದ ಮೂಲೆ ಹೇಗೆ ಕೂಡಿದರೂ 15 ಬರುವ ಚೌಕವನ್ನು ಎಲ್ಲರೂ ಕಂಡಿದ್ದೇವೆ. ಅದನ್ನು ಹೆರಿಗೆ ಕಷ್ಟವಾದ ಹೆಂಗಸಿಗೆ ಬಳಸುವುದುಂಟೆಂದು 1111ರಲ್ಲಿ ತೀರಿಕೊಂಡ ಮಹಾ ವಿದ್ವಾಂಸ ಇಮಾಮ್ ಗಜ್ಜಾಲಿ ತಮ್ಮ ಆತ್ಮಕಥನದಂಥ ಗ್ರಂಥದಲ್ಲಿ ಹೇಳುತ್ತಾರೆ. ಬುದ್ಧಿಗೆ ನಿಲುಕದ ಗುಣಗಳೂ ಇರಬಹುದು ಎಂಬ ವಾದಕ್ಕೆ ಅದು ಅವರ ಉದಾಹರಣೆ. ಅಬ್ಜದ್ ಲೆಕ್ಕದಲ್ಲಿ ಆದಂ ಎಂದರೆ 45, ಹವ್ವಾ ಎಂದರೆ 15. ಚೌಕದ ಒಟ್ಟು ಮೊತ್ತ ಆದಂ, ಒಂದೊಂದು ಸಾಲೂ ಹವ್ವಾ. ಗಣಿತ, ನಂಬಿಕೆ, ಹೆರಿಗೆಮನೆಯ ಆತಂಕ ಮೂರೂ ಅಷ್ಟು ಪುಟ್ಟ ಚೌಕದಲ್ಲಿ ಕೂತಿವೆ. ಇದೇ ಚೌಕವನ್ನು 1533ರ ತನ್ನ ಗ್ರಂಥದಲ್ಲಿ ಜರ್ಮನಿಯ ಅಗ್ರಿಪ್ಪ ಶನಿಗ್ರಹಕ್ಕೆ ಒಪ್ಪಿಸಿದ. ಅಲ್ಲಿಂದ ಅದು ಇಂಗ್ಲಿಷ್ ಮಾಟದ ಪುಸ್ತಕಗಳಿಗೆ ಹರಿಯಿತು. ನಮ್ಮಲ್ಲಿ ಪಂದ್ರಾ ಯಂತ್ರವೆಂದು ಹಿಂದೂ ತಂತ್ರದ ಪುಸ್ತಕಗಳಲ್ಲೂ ಇದೆ. ತಂತಮ್ಮ ಧರ್ಮದ ಶುದ್ಧ ರೂಪ ಹುಡುಕುವವರು ಈ ಒಂಬತ್ತು ಮನೆಗಳನ್ನು ಒಮ್ಮೆ ನೋಡಬೇಕು.

ಸುಧಾರಕರ ಪಾಡೂ ಸ್ವಾರಸ್ಯಕರವಾಗಿದೆ. ಮೌಲಾನಾ ಅಶ್ರಫ್ ಅಲಿ ಥಾನವಿಯವರ 'ಬಹಿಶ್ತೀ ಜೇವರ್' ಮದುಮಗಳಿಗೆ ತವರಿನ ಉಡುಗೊರೆಯಾಗಿ ಹೋಗುತ್ತಿದ್ದ ಪುಸ್ತಕ. ಹೆಂಗಸರನ್ನು ಕಂದಾಚಾರದಿಂದ ಬಿಡಿಸುವುದು ಅದರ ಗುರಿ. ಅಂಥ ಪುಸ್ತಕದಲ್ಲೂ ಮನೆಮದ್ದಿನ ಭಾಗದ ಬೆನ್ನಿಗೆ ಓದಿ ಊದುವ ಕ್ರಮಗಳಿಗೆ ಜಾಗ ಕೊಡಬೇಕಾಯಿತು. ಅವರೇ 'ಆಮಾಲೆ ಕುರ್‌ಆನಿ' ಎಂಬ ಪ್ರತ್ಯೇಕ ಪುಸ್ತಕವನ್ನೂ ಬರೆದರು. ಆಮಿಲನ ಬಾಗಿಲಿಗೆ ಹೋಗುವ ಹೆಣ್ಣನ್ನು ತಡೆಯಬೇಕಾದರೆ ಅವಳ ಕೈಗೆ ಏನನ್ನಾದರೂ ಕೊಡಬೇಕು ಎಂಬ ಅರಿವು ಆ ಸುಧಾರಕರಿಗಿತ್ತು ಎಂದು ನಾನು ಓದಿಕೊಳ್ಳುತ್ತೇನೆ. ಇಂದು ಧ್ವನಿವರ್ಧಕದಲ್ಲಿ ಬರೀ ಶಿರ್ಕ್ ಎಂದು ಗುಡುಗುವವರಲ್ಲಿ ಈ ಅರಿವು ಕಾಣುವುದಿಲ್ಲ.

ನಮ್ಮ ದಖ್ಖನ್ನಿನ ಮುಸ್ಲಿಮರ ಇಂಥ ಆಚರಣೆಗಳನ್ನು ಹೊರಗಿನವರಿಗೆ ತಿಳಿಸಲು ಹುಟ್ಟಿದ ಪುಸ್ತಕ 'ಕಾನೂನೆ ಇಸ್ಲಾಂ'. ಏಲೂರಿನ ಜಾಫರ್ ಶರೀಫ್ ದಖನಿಯಲ್ಲಿ ಬರೆದದ್ದನ್ನು ಮದ್ರಾಸ್ ಸರ್ಕಾರದ ವೈದ್ಯ ಹರ್ಕ್ಲಾಟ್ಸ್ ಇಂಗ್ಲಿಷಿಗೆ ತಂದು 1832ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಹುಟ್ಟಿನಿಂದ ಸಾವಿನವರೆಗಿನ ವಿಧಿಗಳು, ಮೊಹರಂ, ತಾಯಿತ, ದೆವ್ವ ಬಿಡಿಸುವ ಮಂಡಲ ಎಲ್ಲ ಅದರಲ್ಲಿವೆ. ಒಂದೇ ತೊಡಕು: ಬಾಣಂತಿಗೆ ನೀರು ಹಾಕುವವಳ, ದೃಷ್ಟಿ ತೆಗೆಯುವವಳ ಕೆಲಸಗಳೆಲ್ಲ ಅಲ್ಲಿ ಗಂಡಸಿನ ಮಾತಿನಲ್ಲಿವೆ. ಆಳುವವರು ಕೇಳಿದರು, ಓದಿದ ಗಂಡಸು ಹೇಳಿದ. ಅವಳು ಹೇಳಿದ್ದರೆ ಪುಸ್ತಕ ಬೇರೆಯಾಗುತ್ತಿತ್ತು.

ಕನ್ನಡ ಕಪಾಟು

ಕನ್ನಡದ ಜಾತ್ರೆ ಪುಸ್ತಕಗಳು ಸಂಸ್ಕೃತ ತಂತ್ರಗ್ರಂಥಗಳ ಷಟ್ಕರ್ಮಗಳನ್ನು ಕೈಗೆಟಕುವ ಬೆಲೆಗೆ ಇಳಿಸಿವೆ. ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ ಇವೇ ಆ ಆರು. ಆರರಲ್ಲಿ ಶಾಂತಿಯೊಂದು ಮಾತ್ರ ಉಪಶಮನದ್ದು. ಉಳಿದ ಐದೂ ಇನ್ನೊಬ್ಬರ ಮನಸ್ಸನ್ನೋ ದೇಹವನ್ನೋ ಹಿಡಿಯುವ, ಮುರಿಯುವ ಕೆಲಸಗಳು. ಹೆಣ್ಣು ಈ ಪುಸ್ತಕಗಳಲ್ಲಿ ಎಲ್ಲ ಕಡೆ ಇದ್ದಾಳೆ, ಎಲ್ಲ ಕಡೆಯೂ ಕರ್ಮವಾಗಿ. ಅವಳನ್ನು ವಶಮಾಡಿಕೊಳ್ಳಬೇಕು, ಅವಳಿಗೆ ಹಿಡಿದ ದೆವ್ವ ಬಿಡಿಸಬೇಕು, ಅವಳು ಹಾಕಿದ ಮದ್ದು ಕಕ್ಕಿಸಬೇಕು. ಈ ಪುಸ್ತಕ ಅವಳು ಓದಲೆಂದು ಬರೆದದ್ದಲ್ಲ.

ಇಲ್ಲಿ ಭಾಷೆಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಂಸ್ಕೃತ ಮಂತ್ರಗಳಲ್ಲಿ ಗುರಿಯ ಹೆಸರು ಹಾಕಬೇಕಾದ ಜಾಗದಲ್ಲಿ 'ಅಮುಕ' ಎಂದಿರುತ್ತದೆ. ಉರ್ದು ಪುಸ್ತಕಗಳಲ್ಲಿ 'ಫಲಾಂ' ಎಂದಿರುತ್ತದೆ, ಜೊತೆಗೆ ಆ ವ್ಯಕ್ತಿಯ ತಾಯಿಯ ಹೆಸರನ್ನೂ ಕೇಳುತ್ತಾರೆ. ಸರ್ಕಾರಿ ಅರ್ಜಿಯಲ್ಲಿ ಸುಲಭಕ್ಕೆ ಸಿಗದ ತಾಯಿಯ ಹೆಸರಿಗೆ ಮಾಟದ ಚೀಟಿಯಲ್ಲಿ ಸಲೀಸಾಗಿ ಜಾಗ ಸಿಕ್ಕಿದೆ. ಅಮುಕ, ಫಲಾಂ, ಯಾರೋ: ಮೂರು ಭಾಷೆಗಳ ಮೂರು ಖಾಲಿ ಜಾಗಗಳು. ಪುಸ್ತಕ ಓದುಗನಿಗೆ ಕೊಡುವ ಮೊದಲ ಪಾಠವೇ ಖಾಲಿ ಜಾಗ ತುಂಬುವುದು. ಶಾಲೆಯ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತಪ್ಪಾಗಿ ತುಂಬಿದರೆ ಒಂದು ಅಂಕ ಹೋಗುತ್ತದೆ. ಇಲ್ಲಿ ಒಬ್ಬರ ಬದುಕು ಹೋಗುತ್ತದೆ.

ಪುಸ್ತಕವಿಲ್ಲದ ಕಡೆ

ಈ ಐದು ತಾಲ್ಲೂಕುಗಳ ಜೀವಂತ ಆಚರಣೆಗಳು ಯಾವ ಬಾಲಬೋಧೆಯನ್ನೂ ನೆಚ್ಚಿಕೊಂಡಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಹನ್ನೊಂದು ದಿನ ಉಪವಾಸವಿದ್ದ ಗೊರವಯ್ಯ ಡೆಂಕನಮರಡಿಯಲ್ಲಿ ಆಳೆತ್ತರ ಮೀರಿದ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾನೆ. ಅಷ್ಟು ಜನರೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅವನು ಒಂದೇ ಸಾಲಿನ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲು ಅವನದಲ್ಲ, ದೈವದ್ದು. ಅರ್ಥ ಹೇಳುವ ಹಕ್ಕು ಮಾತ್ರ ಎಲ್ಲರದೂ. ರೈತ ಮಳೆಯ ಲೆಕ್ಕ ಹಾಕುತ್ತಾನೆ, ರಾಜಕಾರಣಿ ಕುರ್ಚಿಯ ಲೆಕ್ಕ ಹಾಕುತ್ತಾನೆ. ಕಾರಣಿಕದಲ್ಲಿ ಯಾರ ಮನೆಯ ಹೆಸರೂ ಬರುವುದಿಲ್ಲ. ಖಾಲಿ ಜಾಗ ಖಾಲಿಯಾಗಿಯೇ ಉಳಿಯುತ್ತದೆ, ಬಿಡಿಸುವುದು ಊರಿಗೆ ಬಿಟ್ಟದ್ದು. ಇದೇ ಮೈಲಾರ ಮಹಾರಾಷ್ಟ್ರದಲ್ಲಿ ಖಂಡೋಬಾ, ಅಲ್ಲಿನ ಮುಸ್ಲಿಂ ಭಕ್ತರ ಬಾಯಲ್ಲಿ ಮಲ್ಲೂಖಾನ್.

ಮೊಹರಂ ಬಂದರೆ ನಮ್ಮ ಸೀಮೆಯ ಊರೂರಿನಲ್ಲಿ ಪೀರಲ ದೇವರು ಕೂರುತ್ತವೆ. ಮುಸ್ಲಿಂ ಮನೆಯಿಲ್ಲದ ಊರಿನವರು ಬೇರೆ ಊರಿನಿಂದ ಮುಲ್ಲಾನನ್ನು ಕರೆಸಿ ಸಕ್ಕರೆ ಓದಿಸುತ್ತಾರೆ. ದೇವರು ಹೊತ್ತವನು ಬೇಡರವನಿರಬಹುದು, ಕುರುಬನಿರಬಹುದು. ಅವನ ಮುಂದೆ ನಿಂತ ಹೆಂಗಸು ತನ್ನ ಮನೆಯ ಸಂಕಟವನ್ನು ಎಲ್ಲರೆದುರು ಕೇಳುತ್ತಾಳೆ. ಗೊರವನಾಗಲು ದೀಕ್ಷೆ ಬೇಕು, ದೇವರು ಹೊರಲು ಹರಕೆ ನೇಮ ಬೇಕು. ಕೊಂಡು ತಂದ ಪುಸ್ತಕದಿಂದ ಇವು ಬರುವುದಿಲ್ಲ. ಈ ಕೂಡುಬಾಳಿನ ವಿಸ್ತಾರ ತಿಳಿಯಬೇಕಾದವರು ಕರ್ನಾಟಕದ ಸೂಫಿಗಳು, ನಾಥಪಂಥ, ಶಾಕ್ತಪಂಥ, ಮೊಹರಂ ಬಗ್ಗೆ ರಹಮತ್ ತರೀಕೆರೆಯವರು ಊರೂರು ಅಲೆದು ಬರೆದ ಪುಸ್ತಕಗಳನ್ನು ನೋಡಬಹುದು.

ಹಾಗೆಂದು ಪುಸ್ತಕವಿಲ್ಲದ ಲೋಕವೆಲ್ಲ ಸೊಗಸು ಎಂದು ಕೊಂಡಾಡುವುದು ನಮ್ಮ ಸಂಸ್ಕೃತಿ ಚಿಂತನೆಗೆ ಅಂಟಿದ ಇನ್ನೊಂದು ಜಾಡ್ಯ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲಿ ದೇವಿಯ ಹೆಸರಿನಲ್ಲಿ ದಲಿತರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುತ್ತಿದ್ದರು. 1982ರಲ್ಲಿ ದೇವದಾಸಿ ನಿಷೇಧ ಕಾಯ್ದೆ ಬಂದ ನಂತರವೂ ಭರತ ಹುಣ್ಣಿಮೆಯ ದಿನ ಅಲ್ಲಿ ಪೊಲೀಸರೂ ಅಧಿಕಾರಿಗಳೂ ಕಾವಲು ನಿಲ್ಲಬೇಕಾಗಿ ಬಂತು. ಹಬ್ಬದ ದಿನ ಕಾಲಿಗೆ ಬೀಳಿಸಿಕೊಳ್ಳುವ ಹೆಣ್ಣು ವರ್ಷದ ಉಳಿದ ದಿನ ಯಾರ ಕಾಲಡಿ ಇರುತ್ತಾಳೆಂದು ಕೇಳದ ಬಹುತ್ವದ ಹೊಗಳಿಕೆ ಅರ್ಧ ಸತ್ಯ. ಕೊಟ್ಟೂರಿನವರೇ ಆದ ಕುಂ. ವೀರಭದ್ರಪ್ಪನವರು 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅರಮನೆ' ಕಾದಂಬರಿಯಲ್ಲಿ ಥಾಮಸ್ ಮನ್ರೋ ಕಾಲದ ಈ ಸೀಮೆಯನ್ನು ಕಟ್ಟಿದ್ದಾರೆ. ದೈವ ಮೈದುಂಬುವುದು ಅಲ್ಲಿ ಮೌಢ್ಯವೂ ಅಲ್ಲ, ಪವಾಡವೂ ಅಲ್ಲ. ಅಧಿಕಾರ ಕೈ ಬದಲಿಸುವ ಒಂದು ದಾರಿ. ಮೇಲೆ ಹೇಳಿದ ಎಲ್ಲ ಬಾಲಬೋಧೆಗಳಿಗಿಂತ ಈ ಕಾದಂಬರಿ ನಮ್ಮ ಸೀಮೆಯ ಮಾಟವನ್ನು ಚೆನ್ನಾಗಿ ಓದಿದೆ.

ಕಾಯ್ದೆ ಮತ್ತು ಕೇಳುವ ಕಿವಿ

ಖಾಲಿ ಜಾಗ ತುಂಬುವುದನ್ನೇ ಅಪರಾಧವೆಂದು ಕಾಣುವ ಕಾಯ್ದೆಗಳೂ ಬಂದಿವೆ. ಹೆಣ್ಣೊಬ್ಬಳನ್ನು ಡಾಯನ್ ಎಂದು ಗುರುತಿಸುವುದನ್ನು ಬಿಹಾರ 1999ರಲ್ಲಿ ಅಪರಾಧವಾಗಿಸಿತು. ನರೇಂದ್ರ ದಾಭೋಲ್ಕರ್ ಕೊಲೆಯಾದ 2013ರಲ್ಲಿ ಬಂದ ಮಹಾರಾಷ್ಟ್ರದ ಕಾಯ್ದೆ, ಒಬ್ಬರ ಮಾಟದಿಂದ ದನದ ಹಾಲು ಕಡಿಮೆಯಾಯಿತು ಎಂದು ಸಾರುವುದನ್ನೂ ಪಟ್ಟಿಯಲ್ಲಿ ಸೇರಿಸಿದೆ. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ 2017ರದು, ಅಮಲಿಗೆ ಬಂದದ್ದು 2020ರಲ್ಲಿ. ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಕಾಯ್ದೆ ಬೇಕೇ ಬೇಕು. ಆದರೆ ಆಮಿಲನನ್ನೋ ಮಂತ್ರವಾದಿಯನ್ನೋ ಹಿಡಿದುಕೊಂಡು ಹೋದ ಮೇಲೆ, ಅವನ ಬಾಗಿಲಲ್ಲಿ ಕೂತಿದ್ದ ಹೆಣ್ಣು ಎಲ್ಲಿಗೆ ಹೋಗಬೇಕು?

ಇದಕ್ಕೆ ಉತ್ತರ ಹುಡುಕಿದ್ದು ನಮ್ಮದೇ ನೆಲದಲ್ಲಿ ಎಂಬುದನ್ನು ನಾವು ಮರೆತಿದ್ದೇವೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನಸ್ಸಿನ ಕಾಯಿಲೆಯನ್ನು ಗುರುತಿಸಿ ಉಪಚರಿಸುವ ತರಬೇತಿ ಕೊಟ್ಟಿತು. ಇಂದು ವಿಜಯನಗರ ಜಿಲ್ಲೆಯಲ್ಲಿರುವ ಈ ಐದೂ ಕಡೆ ಆಗ ಬಳ್ಳಾರಿಗೇ ಸೇರಿದ್ದವು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಅದರ ತಳಹದಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮೈಮೇಲೆ ದೆವ್ವ ದೇವರು ಬರುವುದನ್ನು ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅಭ್ಯಾಸ ಮಾಡಿ, ಸಾಮಾನ್ಯ ಓದುಗರಿಗಾಗಿ ಸರಳ ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ನಿರಂತರ ಬರೆದರು. ಬಾಯಿಬಿಟ್ಟು ಹೇಳಲಾಗದ್ದನ್ನು ಹೆಣ್ಣು ದೆವ್ವದ ಬಾಯಿಂದ ಹೇಳಿಸುತ್ತಾಳೆ ಎಂಬುದು ಕತೆಗಾರನಿಗೂ ಗೊತ್ತು, ಮನೋವೈದ್ಯನಿಗೂ ಗೊತ್ತು. ಗೊತ್ತಿರಬೇಕಾದದ್ದು ಮನೆಯವರಿಗೆ. ದೇಶಕ್ಕೆ ಮಾದರಿ ಕೊಟ್ಟ ಸೀಮೆಯ ಗೋಡೆಗಳಲ್ಲಿ ಇವತ್ತಿಗೂ ಬಾಬಾಗಳ ಫೋನ್ ನಂಬರುಗಳೇ ಕಣ್ಣಿಗೆ ಬೀಳುತ್ತವೆ.

ನನ್ನ ಸಮುದಾಯಕ್ಕೂ ಒಂದು ಮಾತು ಹೇಳಬೇಕಿದೆ. ವಿನಾಶಕ್ಕೆ ತಳ್ಳುವ ಏಳು ಪಾಪಗಳ ಹದೀಸನ್ನು ನಮ್ಮ ಪ್ರವಚನಕಾರರು ಪದೇಪದೇ ಉಲ್ಲೇಖಿಸುತ್ತಾರೆ. ಶಿರ್ಕ್ ಮೊದಲನೆಯದು, ಮಾಟ ಎರಡನೆಯದು. ಅಲ್ಲಿಗೆ ನಿಲ್ಲಿಸುತ್ತಾರೆ. ಅದೇ ಪಟ್ಟಿಯ ಏಳನೆಯದು, ಏನೂ ಅರಿಯದ ಸಜ್ಜನ ಹೆಂಗಸರ ಮೇಲೆ ಆರೋಪ ಹೊರಿಸುವುದು. ಆ ಮಾತು ಶೀಲದ ಆರೋಪವನ್ನು ಕುರಿತದ್ದು, ನಿಜ. ಆದರೆ ಸಾಕ್ಷಿಯಿಲ್ಲದೆ ಹೆಣ್ಣಿನ ಮೇಲೆ ಹೆಸರು ಹೊರಿಸುವ ನಾಲಿಗೆಯನ್ನು ಮಾಟದ ಜೊತೆಗೇ, ಒಂದೇ ಪಟ್ಟಿಯಲ್ಲಿ ಇಟ್ಟ ವಿವೇಕ ನಮಗೆ ಬೇಕಾದದ್ದು. ಮಾಟ ಮಾಡುವುದು ಪಾಪವಾದರೆ, ಇವಳೇ ಮಾಡಿಸಿದ್ದು ಎನ್ನುವುದು ಪುಣ್ಯವಾಗಲಾರದು.

ಮಾಟದ ಯಾವುದೇ ಪುಸ್ತಕವನ್ನು, ಅದನ್ನು ಬಲ್ಲೆನೆನ್ನುವ ಯಾರನ್ನೇ ಆಗಲಿ ಅಳೆಯಲು ಅವರ ಮೊದಲ ಪ್ರಶ್ನೆಯೊಂದೇ ಸಾಕು. ಹೊಸ ಇಂಗ್ಲಿಷ್ ಪುಸ್ತಕ 'ನಿನಗೇನು ಬೇಕು?' ಎಂದು ಕೇಳುತ್ತದೆ. ಒಂಟಿ ಮನಸ್ಸಿಗೆ ಅದರಿಂದ ಒಂದಿಷ್ಟು ನೆಮ್ಮದಿ ಸಿಕ್ಕರೆ ತಕರಾರಿಲ್ಲ. ಬಾಬಾ ಮತ್ತು ಅವನ ಕೈಪಿಡಿ 'ಯಾರ ಮ್ಯಾಲೆ ಅನುಮಾನ ಐತಿ?' ಎಂದು ಕೇಳುತ್ತವೆ. ಆ ಬಾಗಿಲಿನಿಂದ ಎದ್ದು ಬರುವುದೇ ಲೇಸು. ದೃಷ್ಟಿ ತೆಗೆಯುವ ಓಣಿಯ ಮುದುಕಿಯ ಬಳಿ ಪುಸ್ತಕವಿಲ್ಲ. ಅವಳು ಕೂಸನ್ನು ಮಡಿಲಿಗೆ ತಗೊಂಡು ಅದರ ತಾಯಿಯ ಮುಖ ನೋಡಿ 'ಏನಾಗೇತವ್ವಾ?' ಎಂದಷ್ಟೇ ಕೇಳುತ್ತಾಳೆ. ಮುಂದೊಂದು ದಿನ ಊರಿಗೆ ಕೇಡಾಗಿ 'ಯಾರೋ' ಎಂಬಲ್ಲಿಗೆ ಹೆಸರು ಬೇಕಾದಾಗ ಜನರ ಬಾಯಿಗೆ ಮೊದಲು ಬರುವುದು ಇವಳ ಹೆಸರೇ.